ಡಾಟ್ ಇನ್: ಒಂದು ಹೆಸರು ಕೈಬದಲಾಗುವ ಬಗೆ

ಭಾರತಕ್ಕೆ ಅಂತರಜಾಲದಲ್ಲಿ ‘ಇನ್’ ಎಂಬ ಎರಡಕ್ಷರದ ಗುರುತು ದೊರೆತದ್ದು 1989ರ ಮೇ 8ರಂದು. ಸಾರ್ವಜನಿಕರಿಗೆ ಅಂತರಜಾಲವೇ ಇಲ್ಲದಿದ್ದ ಕಾಲವದು. ವಿದೇಶ ಸಂಚಾರ ನಿಗಮವು ಆ ಸೇವೆಯನ್ನು ಹಣ ತೆರುವವರಿಗೆಲ್ಲ ತೆರೆದದ್ದು 1995ರ ಆಗಸ್ಟ್ 15ರಂದು. ಹೀಗೆ ಮನೆ ಏಳುವುದಕ್ಕೆ ಆರು ವರ್ಷ ಮೊದಲೇ ನಮ್ಮ ಬಾಗಿಲಿಗೆ ಹೆಸರಿನ ಹಲಗೆ ಬಂದಿತ್ತು. ಆ ಹಲಗೆಯನ್ನು ಬರೆದುಕೊಡುವವರು ಯಾರು, ಬರೆದ ಹೆಸರು ಯಾರ ಸ್ವತ್ತು, ಬರೆದುಕೊಟ್ಟವನನ್ನು ಬಿಟ್ಟು ಮತ್ತೊಬ್ಬನ ಬಳಿಗೆ ಹೋಗುವಾಗ ಆ ಹೆಸರನ್ನು ಜೊತೆಯಲ್ಲಿ ಒಯ್ಯಬಹುದೆ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯಲು ಮಾತ್ರ ಹದಿನಾರು ವರ್ಷ ಹಿಡಿಯಿತು. ನಾವು ಇಲ್ಲಿ ಹೇಳಹೊರಟಿರುವುದು ಆ ಉತ್ತರದ ಚರಿತ್ರೆಯನ್ನು.

ಸಾಹಿತ್ಯದ ಬಳಗಕ್ಕೆ ಇದರ ಗೊಡವೆ ಏಕೆಂದು ಕೇಳಬಹುದು. ಹೊರನಾಡಿನ ಕನ್ನಡ ಸಂಘಗಳಲ್ಲಿ ಸ್ವಂತ ಕಟ್ಟಡವಿರುವವು ಕೆಲವು ಮಾತ್ರ. ಉಳಿದವುಗಳ ಆಸ್ತಿಯೆಂದರೆ ಒಂದು ಬ್ಯಾಂಕ್ ಖಾತೆ, ಒಂದು ರಬ್ಬರ್ ಮೊಹರು, ಕೆಲವು ಡಜನ್ ಪುಸ್ತಕ, ಮತ್ತು ಜಾಲದಲ್ಲಿ ಒಂದು ಹೆಸರು. ವಿಶಾಖಪಟ್ಟಣಕ್ಕೆ ಕನ್ನಡಿಗರನ್ನು ತರುವುದು ನೌಕಾಪಡೆ, ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ; ಮರಳಿ ಕರೆದೊಯ್ಯುವುದೂ ಅವೇ. ವಿಜಯವಾಡಕ್ಕೆ 2014ರ ರಾಜ್ಯ ವಿಭಜನೆಯ ನಂತರ ಹೈದರಾಬಾದಿನಿಂದ ಕಚೇರಿಗಳು ಬಂದಂತೆ ನೌಕರರೂ ಬಂದರು. ಈ ಎರಡು ಊರುಗಳ ನಡುವಿನ ಸುಮಾರು 350 ಕಿಲೋಮೀಟರನ್ನು ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಹಾಸಿಗೆ, ಕುಕ್ಕರು ಸಮೇತ ದಾಟಿದವರು ನಮ್ಮಲ್ಲಿ ಅನೇಕರಿದ್ದಾರೆ. ಮೂರು ವರ್ಷಕ್ಕೊಮ್ಮೆ ಕಾರ್ಯದರ್ಶಿ ಬದಲಾಗುವ ಸಂಘದ ಹೆಸರು ಯಾರ ಕೈಯಲ್ಲಿರುತ್ತದೆ ಎಂಬುದು ಹೀಗೆ ನಮಗೆ ತಂತ್ರಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ಬೇರಿನ, ಬಾಲ ಮಾತ್ರ ಬೇರೆಯಾದ ಮೂರು ಪದಗಳು: ರಿಜಿಸ್ಟ್ರಿ, ರಿಜಿಸ್ಟ್ರಾರ್, ರಿಜಿಸ್ಟ್ರಂಟ್. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಇಂಗ್ಲಿಷ್ ಎಂ.ಎ. ಮಾಡಿದವರಿಗೂ ನಾಲಗೆ ತೊಡರುತ್ತದೆ. ರಿಜಿಸ್ಟ್ರಿಯೆಂದರೆ ಮೂಲ ಪುಸ್ತಕ. ಡಾಟ್ ಇನ್‌ನಲ್ಲಿ ಯಾವ ಹೆಸರು ಯಾರದು ಎಂಬ ಒಂದೇ ಒಂದು ಅಧಿಕೃತ ಪಟ್ಟಿ. ರಿಜಿಸ್ಟ್ರಾರ್ ಎಂದರೆ ಆ ಪುಸ್ತಕದಲ್ಲಿ ಬರೆಸಿಕೊಡಲು ಪರವಾನಗಿ ಪಡೆದ ಅಂಗಡಿ, ಇಂಥವು ಅನೇಕ. ರಿಜಿಸ್ಟ್ರಂಟ್ ಎಂದರೆ ಯಾರ ಹೆಸರಿನಲ್ಲಿ ಬರೆಯಲಾಗಿದೆಯೋ ಆ ವ್ಯಕ್ತಿ ಅಥವಾ ಸಂಸ್ಥೆ. ಉಪನೋಂದಣಾಧಿಕಾರಿಯ ಕಚೇರಿ, ಅದರ ಹೊರಗೆ ಕುಳಿತ ಪತ್ರ ಬರೆಯುವವರು, ಪತ್ರ ಬರೆಸುವ ಪಕ್ಷಗಾರ, ಈ ಮೂವರನ್ನು ನೆನೆದರೆ ಸಾಕು. ಒಂದು ಭೇದವಿದೆ: ಇಲ್ಲಿ ಪತ್ರ ಬರೆಯುವವನೇ ವರ್ಷವರ್ಷವೂ ಬಾಡಿಗೆ ವಸೂಲು ಮಾಡುತ್ತಾನೆ, ಬೀಗದ ಕೈಯನ್ನೂ ತಾನೇ ಇಟ್ಟುಕೊಂಡಿರುತ್ತಾನೆ. ಆದುದರಿಂದ ಪತ್ರ ಬರೆಯುವವನನ್ನು ಬದಲಿಸುವುದೇ ಒಂದು ದೊಡ್ಡ ಕೆಲಸವಾಗುತ್ತದೆ.

1989ರಲ್ಲಿ ಇಂಥ ಅಂಗಡಿಗಳಿರಲಿಲ್ಲ. ದೇಶಗಳಿಗೆ ಎರಡಕ್ಷರ ಹಂಚುವ ಕೆಲಸ ಕ್ಯಾಲಿಫೋರ್ನಿಯದಲ್ಲಿದ್ದ ಜಾನ್ ಪೋಸ್ಟೆಲ್ ಎಂಬ ಒಬ್ಬ ವಿಜ್ಞಾನಿಯ ಕೈಯಲ್ಲಿತ್ತು. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳದಲ್ಲಿ ತಲೆಹಾಕಲು ಅವರಿಗೆ ಇಷ್ಟವಿರಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 3166ನೆಯ ಸಂಖ್ಯೆಯ ಪಟ್ಟಿಯಲ್ಲಿದ್ದ ಸಂಕೇತಗಳನ್ನೇ ಎತ್ತಿಕೊಂಡರು. 1994ರ ಮಾರ್ಚಿನಲ್ಲಿ ಅವರು ಬರೆದ 1591ನೆಯ ಟಿಪ್ಪಣಿಯಲ್ಲಿ ಒಂದು ಮಾತು ಮುಖ್ಯವಾದುದು: ದೇಶದ ಸಂಕೇತವನ್ನು ನೋಡಿಕೊಳ್ಳುವವನು ಅದರ ಒಡೆಯನಲ್ಲ, ಆ ದೇಶದ ಜನರ ಪರವಾಗಿ ಇರುವ ಧರ್ಮದರ್ಶಿ; ಹಕ್ಕಿನ ಮಾತಿಗಿಂತ ಹೊಣೆಯ ಮಾತು ಇಲ್ಲಿ ಸಲ್ಲುತ್ತದೆ. ಕಚೇರಿಯ ಸುತ್ತೋಲೆಗಳನ್ನು ಓದಿ ಬೇಸತ್ತವರೂ ಈ ಟಿಪ್ಪಣಿಯನ್ನು ಒಮ್ಮೆ ಓದಬೇಕು. ಕೆಲವೇ ಪುಟಗಳಲ್ಲಿ ಇಡೀ ಜಗತ್ತಿನ ನಾಮಕರಣ ಪದ್ಧತಿಯನ್ನು ಹೇಳಿ ಮುಗಿಸಿದ ಬರಹವದು.

ಭಾರತದ ಧರ್ಮದರ್ಶಿ ಮುಂಬಯಿಯ ಜುಹುವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ಅಂದರೆ ಎನ್‌ಸಿಎಸ್‌ಟಿ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭಿಸಿದ ಎರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಆ ಕೇಂದ್ರವೂ ಐದು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದ್ದವು. ಹೆಸರು ಬೇಕಾದವರು ಕೋ ಡಾಟ್ ಇನ್, ನೆಟ್ ಡಾಟ್ ಇನ್, ಆರ್ಗ್ ಡಾಟ್ ಇನ್ ಮುಂತಾದ ಒಳಕೋಣೆಗಳಲ್ಲಿ ಒಂದನ್ನು ಬೇಡಬೇಕಿತ್ತು. ನೇರವಾಗಿ ಇನ್ ಎಂಬುದರ ಕೆಳಗೆ ಹೆಸರು ಸಿಗುತ್ತಿರಲಿಲ್ಲ. ವಿಶ್ವವಿದ್ಯಾಲಯಗಳ ಕೋಣೆಯನ್ನು ಎರ್ನೆಟ್ ನೋಡಿಕೊಂಡರೆ ಸರ್ಕಾರದ ಕೋಣೆಯನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ನೋಡಿಕೊಂಡಿತು. ಎಲ್ಲವೂ ಒಂದೇ ಕಿಟಕಿ, ಒಂದೇ ಕಡತ. ಅಂಗಡಿಯೇ ಇಲ್ಲದ ಮೇಲೆ ಅಂಗಡಿ ಬದಲಾಯಿಸುವ ಪ್ರಶ್ನೆ ಏಳುವುದಾದರೂ ಹೇಗೆ? ಈ ಕಟ್ಟುನಿಟ್ಟಿನ ಫಲವೆಂದರೆ 2004ರ ಕೊನೆಯ ಹೊತ್ತಿಗೆ ನೂರು ಕೋಟಿ ಜನರ ದೇಶದಲ್ಲಿ ನೋಂದಾಯಿತವಾಗಿದ್ದ ಡಾಟ್ ಇನ್ ಹೆಸರುಗಳು ಸುಮಾರು 7,000 ಮಾತ್ರ. ಭಾರತೀಯರು, ಕನ್ನಡಿಗರೂ ಸೇರಿ, ಡಾಟ್ ಕಾಮ್‌ಗೆ ಹೋದರು. 1996ರಲ್ಲಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾಗಿ ಡಾ. ಯು. ಬಿ. ಪವನಜರ ವಿಶ್ವಕನ್ನಡ ಬಂದದ್ದು ಡಾಟ್ ಕಾಮ್ ಹೆಸರಿನಲ್ಲಿಯೇ.

ಆದರೆ ಡಾಟ್ ಕಾಮ್‌ನ ಲೋಕದಲ್ಲೂ ಆಗ ಇದ್ದದ್ದು ಒಂದೇ ಕಿಟಕಿ. ಅಮೆರಿಕದ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಕಂಪನಿ ಪುಸ್ತಕವನ್ನೂ ಬರೆಯುತ್ತಿತ್ತು, ಅಂಗಡಿಯನ್ನೂ ನಡೆಸುತ್ತಿತ್ತು. ಅಲ್ಲಿ ಹೆಸರು ಎಷ್ಟು ಸುಲಭವಾಗಿ ಕೈಬದಲಾಗುತ್ತಿತ್ತೆಂಬುದಕ್ಕೆ 1995ರ ಒಂದು ಪ್ರಕರಣ ಸಾಕ್ಷಿ. ಗ್ಯಾರಿ ಕ್ರೆಮೆನ್ ಎಂಬುವರು ಹಿಂದಿನ ವರ್ಷ ಒಂದು ಹೆಸರನ್ನು ನೋಂದಾಯಿಸಿಕೊಂಡಿದ್ದರು. ಅದು ಸಭ್ಯರು ಸಭೆಯಲ್ಲಿ ಉಚ್ಚರಿಸದ ಮೂರಕ್ಷರದ ಪದ, ಹಾಗಾಗಿಯೇ ಕೋಟಿಗಟ್ಟಲೆ ಬೆಲೆಬಾಳುವಂಥದು. ಸ್ಟೀಫನ್ ಕೋಹೆನ್ ಎಂಬಾತ ಕ್ರೆಮೆನ್ನರ ಕಂಪನಿಯಿಂದ ಬಂದಂತೆ ತೋರುವ ಒಂದು ಸುಳ್ಳು ಪತ್ರವನ್ನು ಸೃಷ್ಟಿಸಿ ನೋಂದಣಿ ಕಂಪನಿಗೆ ತಲುಪಿಸಿದ. ಕಂಪನಿ ಕ್ರೆಮೆನ್ನರಿಗೆ ಒಂದು ದೂರವಾಣಿ ಕರೆಯನ್ನೂ ಮಾಡದೆ ಹೆಸರನ್ನು ಕೋಹೆನನಿಗೆ ಬರೆದುಕೊಟ್ಟಿತು. ಅದನ್ನು ಮರಳಿ ಪಡೆಯಲು ಕ್ರೆಮೆನ್ನರಿಗೆ ಐದು ವರ್ಷ ಬೇಕಾಯಿತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಡೊಮೇನ್ ಹೆಸರೂ ಕದಿಯಬಹುದಾದ ಸ್ವತ್ತೇ ಎಂದು ಈ ಪ್ರಕರಣದಲ್ಲಿ ಒಪ್ಪಿತು. ಪೋಸ್ಟೆಲ್ ಹೊಣೆಯೆಂದು ಕರೆದದ್ದನ್ನು ನ್ಯಾಯಾಲಯ ಸ್ವತ್ತೆಂದು ಕರೆಯಬೇಕಾಗಿ ಬಂತು. ಆ ಮಾತಿನಲ್ಲಿ ಅಂತರಜಾಲದ ಒಂದು ಯುಗ ಮುಗಿಯಿತೆಂದು ನಮಗನ್ನಿಸುತ್ತದೆ.

1998ರಲ್ಲಿ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷ ಡಾಟ್ ಕಾಮ್ ನೋಂದಣಿಗೆ ಅನೇಕ ಅಂಗಡಿಗಳಿಗೆ ಪರವಾನಗಿ ದೊರೆಯಿತು. ಬೆಲೆ ಇಳಿಯಿತು, ಪೈಪೋಟಿ ಏರಿತು. ಪೈಪೋಟಿಯ ಜೊತೆಗೆ ಒಂದು ಹೊಸ ಕಾಯಿಲೆಯೂ ಬಂತು. ಗಿರಾಕಿ ಬೇರೆ ಅಂಗಡಿಗೆ ಹೋಗುತ್ತೇನೆಂದರೆ ಹಳೆಯ ಅಂಗಡಿಯವನು ಉತ್ತರವನ್ನೇ ಕೊಡುತ್ತಿರಲಿಲ್ಲ. ಉತ್ತರ ಬರದಿದ್ದರೆ ವರ್ಗಾವಣೆ ನಿಲ್ಲುತ್ತಿತ್ತು. ನಿರಾಕ್ಷೇಪಣಾ ಪತ್ರವನ್ನು ಕೊಡುವುದಿಲ್ಲವೆಂದು ಹೇಳದೆಯೂ ಕೊಡದೆಯೂ ಕಾಲ ತಳ್ಳುವ ಕಲೆ ನಮ್ಮ ಕಚೇರಿಗಳ ಆವಿಷ್ಕಾರವೆಂದು ತಿಳಿದವರಿಗೆ ಇದು ಸಮಾಧಾನ ಕೊಡಬಹುದು. ಐಕ್ಯಾನ್ 2004ರ ನವೆಂಬರ್ 12ರಿಂದ ಹೊಸ ನಿಯಮ ತಂದಿತು: ಹಳೆಯ ಅಂಗಡಿ ಐದು ದಿನದೊಳಗೆ ತಕ್ಕ ಕಾರಣ ಹೇಳಿ ನಿರಾಕರಿಸದಿದ್ದರೆ ಒಪ್ಪಿದಂತೆಯೇ ಸರಿ. ಮೌನಂ ಸಮ್ಮತಿ ಲಕ್ಷಣಂ ಎಂಬ ನಮ್ಮ ಮಾತು ಅಂತರಜಾಲದ ಶಾಸನವಾಯಿತು.

ಎರಡು ತಿಂಗಳು ಕಳೆದಿತ್ತಷ್ಟೆ. 2005ರ ಜನವರಿ ನಡುವಿನ ಒಂದು ವಾರಾಂತ್ಯದಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಹಳೆಯ ಅಂತರಜಾಲ ಸೇವಾ ಕಂಪನಿಯ ಹೆಸರು ಅದರ ಅರಿವಿಗೇ ಬಾರದೆ ಆಸ್ಟ್ರೇಲಿಯದ ಮೆಲ್ಬರ್ನ್ ಐಟಿ ಎಂಬ ರಿಜಿಸ್ಟ್ರಾರನ ಬಳಿಗೆ ವರ್ಗವಾಯಿತು. ಆ ರಿಜಿಸ್ಟ್ರಾರನ ಕೈಕೆಳಗಿನ ಮರುಮಾರಾಟಗಾರನೊಬ್ಬ ಕೇಳಿದವನು ನಿಜವಾದ ಹಕ್ಕುದಾರನೇ ಎಂದು ಪರೀಕ್ಷಿಸಿರಲಿಲ್ಲ. ಪ್ಯಾನಿಕ್ಸಿನ ಗಿರಾಕಿಗಳ ಅಂಚೆಯೆಲ್ಲ ಅಪರಿಚಿತರ ಯಂತ್ರಗಳತ್ತ ಹರಿಯತೊಡಗಿತು. ಶನಿವಾರ, ಭಾನುವಾರ ದೂರು ಕೇಳುವವರಿಲ್ಲ. ಮೆಲ್ಬರ್ನಿನಲ್ಲಿ ಸೋಮವಾರ ಬೆಳಿಗ್ಗೆ ಕಚೇರಿ ತೆರೆದ ಮೇಲೆ ಹೆಸರು ಮರಳಿತು. ಬಾಗಿಲನ್ನು ತೀರ ಬಿಗಿಯಾಗಿ ಮುಚ್ಚಿದರೆ ಗಿರಾಕಿ ಸೆರೆಯಾಗುತ್ತಾನೆ, ತೀರ ಸಡಿಲ ಬಿಟ್ಟರೆ ಕಳ್ಳ ಒಳಬರುತ್ತಾನೆ ಎಂಬುದು ಹೀಗೆ ಹತ್ತು ವರ್ಷಗಳ ಎರಡು ಪ್ರಕರಣಗಳಲ್ಲಿ ತಿಳಿದುಬಂತು.

ಭಾರತ ತನ್ನ ನಿಯಮಗಳನ್ನು ಬರೆದುಕೊಂಡದ್ದು ಸರಿಯಾಗಿ ಇದೇ ಕಾಲದಲ್ಲಿ. ಅದಕ್ಕೆ ಹಿನ್ನೆಲೆಯಾಗಿ ಬೆಂಗಳೂರಿನ ಒಂದು ವ್ಯಾಜ್ಯವಿದೆ. ಹೈದರಾಬಾದಿನ ಸತ್ಯಂ ಕಂಪನಿಯ ಶಾಖೆಯಾಗಿ ಹುಟ್ಟಿ ಚೆನ್ನೈಯಲ್ಲಿ ಬೆಳೆದ ಸತ್ಯಂ ಇನ್‌ಫೋವೇ ಕಂಪನಿಯು ‘ಸಿಫಿ’ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿತ್ತು. ಇನ್ನೊಂದು ಕಂಪನಿ ‘ಸಿಫಿನೆಟ್’ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಿಸಿ ನೋಂದಾಯಿಸಿಕೊಂಡಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತೆಗೆಯಿತು, ಸರ್ವೋಚ್ಚ ನ್ಯಾಯಾಲಯ 2004ರ ಮೇ 6ರಂದು ಮತ್ತೆ ಎತ್ತಿಹಿಡಿಯಿತು. ನ್ಯಾಯಮೂರ್ತಿ ರೂಮಾ ಪಾಲ್ ಬರೆದ ಆ ತೀರ್ಪಿನ ಸಾರವೆಂದರೆ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರ ಚಿಹ್ನೆಯ ಲಕ್ಷಣಗಳೆಲ್ಲ ಅದಕ್ಕಿವೆ. ಇದಕ್ಕೆಂದೇ ಮಾಡಿದ ಕಾನೂನು ಭಾರತದಲ್ಲಿ ಇಲ್ಲದಿದ್ದರೂ ಇರುವ ಕಾನೂನಿನಡಿಯಲ್ಲೇ ರಕ್ಷಣೆ ಸಲ್ಲುತ್ತದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡಾಟ್ ಇನ್‌ನ ಹೊಸ ನೀತಿಯನ್ನು ಪ್ರಕಟಿಸಿತು. ಎನ್‌ಸಿಎಸ್‌ಟಿ ಅಷ್ಟರಲ್ಲಿ ಸಿ-ಡ್ಯಾಕ್ ಸಂಸ್ಥೆಯಲ್ಲಿ ಲೀನವಾಗಿತ್ತು. ಮೂಲ ಪುಸ್ತಕವು 2003ರಲ್ಲಿ ಸ್ಥಾಪಿತವಾಗಿದ್ದ ನಿಕ್ಸಿ ಎಂಬ ಲಾಭರಹಿತ ಕಂಪನಿಯ ವಶಕ್ಕೆ ಬಂತು. 2005ರ ಜನವರಿಯಲ್ಲಿ ವ್ಯಾಪಾರ ಚಿಹ್ನೆಯುಳ್ಳವರಿಗೆ ಮೊದಲ ಅವಕಾಶ, ಫೆಬ್ರವರಿ 16ರಿಂದ ಸಾರ್ವಜನಿಕರೆಲ್ಲರಿಗೆ, ನೇರವಾಗಿ ಇನ್ ಎಂಬುದರ ಕೆಳಗೇ ಹೆಸರು. ಮಾರಾಟ ಮಾತ್ರ ನಿಕ್ಸಿಯದಲ್ಲ. ಪರವಾನಗಿ ಪಡೆದ ರಿಜಿಸ್ಟ್ರಾರರದು. ಐಕ್ಯಾನಿನ ವರ್ಗಾವಣೆ ನಿಯಮ ಡಾಟ್ ಕಾಮ್‌ನಂಥವಕ್ಕೆ ಅನ್ವಯಿಸುತ್ತದೆಯೇ ಹೊರತು ದೇಶಗಳ ಸಂಕೇತಗಳಿಗಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರತಿ ದೇಶವೂ ತನ್ನ ಪದ್ಧತಿಯನ್ನು ತಾನೇ ಮಾಡಿಕೊಂಡಿದೆ. ಬ್ರಿಟನ್ನಿನಲ್ಲಿ ಬಹುಕಾಲ ಗಿರಾಕಿಯ ಕೈಗೆ ಯಾವ ಸಂಕೇತವನ್ನೂ ಕೊಡುತ್ತಿರಲಿಲ್ಲ. ಹಳೆಯ ರಿಜಿಸ್ಟ್ರಾರನೇ ಹೆಸರಿಗೆ ಅಂಟಿಸಿದ ಚೀಟಿಯನ್ನು ಬದಲಿಸಿ ಹೊಸಬನತ್ತ ನೂಕಬೇಕಿತ್ತು. ಭಾರತ ಆರಿಸಿಕೊಂಡದ್ದು ಸಂಕೇತದ ದಾರಿಯನ್ನು.

ಈ ದಾರಿಯ ನಡೆ ಹೀಗಿದೆ. ನೋಂದಣಿಯಾದ ಪ್ರತಿ ಹೆಸರಿಗೂ ಒಂದು ಗುಪ್ತ ಸಂಕೇತವಿರುತ್ತದೆ. ಆತ್ ಕೋಡ್ ಎಂದು ಕರೆಯುವುದು ಇದನ್ನೇ. ಹೆಸರಿನ ಮೇಲೆ ವರ್ಗಾವಣೆಯನ್ನು ತಡೆಯುವ ಬೀಗವೂ ಇರಬಹುದು. ಬೇರೆ ರಿಜಿಸ್ಟ್ರಾರನ ಬಳಿಗೆ ಹೋಗಬೇಕಾದವರು ಹಳೆಯವನಿಂದ ಬೀಗ ತೆಗೆಸಿ, ಸಂಕೇತ ಪಡೆದು, ಹೊಸಬನಿಗೆ ಕೊಡಬೇಕು. ಹೊಸಬ ಅದನ್ನು ಮೂಲ ಪುಸ್ತಕಕ್ಕೆ ಸಲ್ಲಿಸುತ್ತಾನೆ. ಹಳೆಯವನಿಗೆ ಆಕ್ಷೇಪಣೆಗೆ ಕೆಲವು ದಿನಗಳ ಅವಕಾಶ. ಸುಮ್ಮನಿದ್ದರೆ ವರ್ಗಾವಣೆ ಆದಂತೆ. ಸಾಮಾನ್ಯವಾಗಿ ಒಂದು ವರ್ಷದ ಶುಲ್ಕ ಕಟ್ಟಬೇಕು, ಅವಧಿಯೂ ಒಂದು ವರ್ಷ ಮುಂದೆ ಹೋಗುತ್ತದೆ. ಹೆಸರು ನೋಂದಾಯಿಸಿದ ಮೊದಲ 60 ದಿನ ಕದಲಿಸುವಂತಿಲ್ಲ. ಕದ್ದ ಹಣದಿಂದ ಹೆಸರು ಕೊಂಡು ಕೂಡಲೇ ಮೂರು ಅಂಗಡಿ ದಾಟಿಸುವವರನ್ನು ಹಿಡಿಯಲು ಇದು ನೆರವು. ಪತ್ರದ ಸಹಿಯನ್ನು ನಂಬಿ ಕೆಟ್ಟ 1995ರ ಪಾಠವೂ ಮೌನಕ್ಕೆ ತೆತ್ತ ಬೆಲೆಯೂ ಈ ಕ್ರಮದಲ್ಲಿ ಒಟ್ಟಿಗೆ ಕುಳಿತಿವೆ. ಹಳೆಯವನ ಮೌನ ಗಿರಾಕಿಯನ್ನು ಕಟ್ಟಿಹಾಕಲಾರದು, ಸಂಕೇತವಿಲ್ಲದ ಅಪರಿಚಿತ ಹೆಸರನ್ನು ಎತ್ತಿಕೊಂಡು ಹೋಗಲಾರ.

ಓದುಗರಿಗೆ ಇದು ಎಲ್ಲೋ ಕಂಡಂತಿದ್ದರೆ ಅಚ್ಚರಿಯಿಲ್ಲ. ಮೊಬೈಲ್ ಸಂಖ್ಯೆಯನ್ನು ಬಿಡದೆ ಕಂಪನಿಯನ್ನು ಬದಲಿಸುವ ವ್ಯವಸ್ಥೆ 2011ರ ಜನವರಿ 20ರಂದು ದೇಶಕ್ಕೆಲ್ಲ ಬಂದಾಗ ಅದೂ ಇದೇ ಮಾದರಿಯದಾಗಿತ್ತು: 1900ಕ್ಕೆ ಸಂದೇಶ ಕಳಿಸಿ ಸಂಕೇತ ಪಡೆ, ಹೊಸಬನಿಗೆ ಕೊಡು, ಮತ್ತೆ 90 ದಿನ ಕದಲಬೇಡ. ಆದರೆ ಆಗ ಒಂದು ವಲಯದೊಳಗೆ ಮಾತ್ರ. ಕರ್ನಾಟಕದ ಸಂಖ್ಯೆಯನ್ನು ಆಂಧ್ರಕ್ಕೆ ತರುವಂತಿರಲಿಲ್ಲ. ವಿಶಾಖಪಟ್ಟಣಕ್ಕೆ ಬಂದ ಕನ್ನಡಿಗ ರೋಮಿಂಗ್ ದುಡ್ಡು ತೆತ್ತು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಊರಿನವರಿಗೆಲ್ಲ ಹೊಸ ಸಂಖ್ಯೆ ಬರೆಸಬೇಕು. 2015ರ ಜುಲೈ 3ರಂದು ವಲಯದ ಗೋಡೆಯೂ ಬಿದ್ದಿತು. ಇನ್ನೊಂದು ಸೋಜಿಗ: ರಾಜ್ಯ 2014ರ ಜೂನ್ 2ರಂದು ಎರಡಾದರೂ ಮೊಬೈಲ್ ಪರವಾನಗಿಯ ಲೆಕ್ಕದಲ್ಲಿ ಆಂಧ್ರ, ತೆಲಂಗಾಣ ಒಂದೇ ವಲಯವಾಗಿ ಉಳಿದವು. ನೆಲದ ಗಡಿ ಸರಿದ ಮಾತ್ರಕ್ಕೆ ಹೆಸರಿನ, ಸಂಖ್ಯೆಯ ಗಡಿ ಸರಿಯುವುದಿಲ್ಲ.

ವರ್ಗಾವಣೆಯ ಪತ್ರಕ್ಕೆ ವಿಜಯವಾಡದ ಸುತ್ತಣ ನೆಲದಲ್ಲಿ ಹಳೆಯ ಪರಂಪರೆಯೇ ಇದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಬೆಳೆದ ವೆಂಗಿಯ ಚಾಲುಕ್ಯರು ಊರುಗಳನ್ನು ದಾನ ಕೊಟ್ಟಾಗ ತಾಮ್ರದ ಹಲಗೆಗಳನ್ನು ಬಳೆಯಿಂದ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ‘ಶ್ರೀ ತ್ರಿಭುವನಾಂಕುಶ’ ಎಂಬ ಮುದ್ರೆ ಒತ್ತುತ್ತಿದ್ದರು. ಪಂಪನ ಪೂರ್ವಿಕರ ವೆಂಗಿನಾಡು ಇದೇ. ಆ ಶಾಸನಗಳನ್ನು ಓದುವಾಗ ನಮ್ಮ ಗಮನ ಸೆಳೆದದ್ದು ಮುದ್ರೆಗಿಂತ ಅವುಗಳ ಸಂಬೋಧನೆ. ಅರಸನ ಆಜ್ಞೆ ದಾನ ಪಡೆದವನನ್ನು ಕುರಿತದ್ದಲ್ಲ. ಆ ಸೀಮೆಯ ಪ್ರಮುಖರನ್ನೂ ಒಕ್ಕಲುಗಳನ್ನೂ ಕುರಿತದ್ದು. ಊರು ಇನ್ನು ಮುಂದೆ ಯಾರದೆಂಬುದು ಊರಿನಲ್ಲಿರುವವರಿಗೆ ತಿಳಿಯದಿದ್ದರೆ ಹಲಗೆಯಿಂದ ಏನು ಪ್ರಯೋಜನ? ಡೊಮೇನ್ ಹೆಸರಿನ ಮೂಲ ಪುಸ್ತಕವೂ ಲೋಕವೆಲ್ಲ ಕೇಳಿ ತಿಳಿಯಬಹುದಾದ ಪ್ರಕಟಣೆಯೇ. ಅದರಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ದುಡ್ಡು ಯಾರದು, ಲೇಖನಗಳು ಯಾರವು, ಸಂಘ ಯಾವುದು ಎಂದು ಪುಸ್ತಕ ಕೇಳುವುದಿಲ್ಲ.

ನಮ್ಮ ಹೊರನಾಡಿನ ಸಂಘಗಳು ಎಡವುವುದು ಇಲ್ಲಿಯೇ. ವಿಶಾಖಪಟ್ಟಣದ ಒಂದು ಸಣ್ಣ ಕನ್ನಡ ಬಳಗದ ಸಂಗತಿಯನ್ನು ಊರು, ವರ್ಷ ಹೆಚ್ಚು ಬಿಡಿಸದೆ ಹೇಳುತ್ತೇವೆ. ನಾವು ಆ ಬಳಗ ಸೇರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಉತ್ಸಾಹಿ ಸದಸ್ಯರೊಬ್ಬರು ಸ್ವಂತ ಹಣದಿಂದ, ಸ್ವಂತ ಹೆಸರಿನಲ್ಲಿ, ತಮ್ಮ ಕಚೇರಿಯ ಮಿಂಚಂಚೆ ಕೊಟ್ಟು, ಪರಿಚಯದ ಮರುಮಾರಾಟಗಾರನ ಮೂಲಕ ಬಳಗಕ್ಕೊಂದು ಡಾಟ್ ಇನ್ ಹೆಸರು ತಂದರು. ತಿಂಗಳ ಉಪನ್ಯಾಸಗಳ ಬರಹರೂಪ, ಹಿರಿಯರ ನೆನಪುಗಳು, ಆಂಧ್ರದ ಗಡಿ ಜಿಲ್ಲೆಗಳ ಕನ್ನಡ ಶಾಲೆಗಳ ಕುರಿತ ಟಿಪ್ಪಣಿಗಳು ಅಲ್ಲಿ ಸೇರುತ್ತ ಹೋದವು. ಅವರು ಉತ್ತರ ಭಾರತಕ್ಕೆ ವರ್ಗವಾದರು, ಅಲ್ಲಿಯೇ ನಿವೃತ್ತರಾದರು. ಕಚೇರಿಯ ಮಿಂಚಂಚೆ ನಿವೃತ್ತಿಯೊಡನೆ ಮುಚ್ಚಿತು. ಮರುಮಾರಾಟಗಾರ ಅಂಗಡಿ ಎತ್ತಿದ. ನವೀಕರಣದ ಎಚ್ಚರಿಕೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದವು. ಬಳಗದವರು ಓಡಾಡಿ ಮೇಲಿನ ರಿಜಿಸ್ಟ್ರಾರನನ್ನು ಹುಡುಕಿದಾಗ ಸಿಕ್ಕ ಉತ್ತರ ನಿಯಮದ ದೃಷ್ಟಿಯಿಂದ ಸರಿಯಾದದ್ದೇ ಆಗಿತ್ತು: ದಾಖಲೆಯಲ್ಲಿರುವ ವ್ಯಕ್ತಿ ಕೇಳಲಿ, ಸಂಕೇತ ಕೊಡುತ್ತೇವೆ. ಆ ವ್ಯಕ್ತಿ ಆಗ ಆಸ್ಪತ್ರೆಯಲ್ಲಿದ್ದರು. ಅವಧಿ ಮುಗಿಯಿತು, ಕೃಪಾವಧಿಯೂ ಮುಗಿಯಿತು, ಹೆಸರು ಬಿಡುಗಡೆಯಾಗಿ ಬೇರಾರದೋ ಪಾಲಾಯಿತು. ಈಗ ಅದನ್ನು ತೆರೆದರೆ ಸಾಲ ಕೊಡುವವರ ಜಾಹೀರಾತು ಬರುತ್ತದೆ. ಬರಹಗಳಲ್ಲಿ ಸದಸ್ಯರ ಮನೆಯ ಗಣಕಗಳಲ್ಲಿದ್ದಷ್ಟು ಉಳಿದವು. ಗಡಿ ಶಾಲೆಗಳ ಟಿಪ್ಪಣಿ ಬರೆದಿದ್ದ ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು; ಅವರ ಬಳಿ ಗಣಕವಿರಲಿಲ್ಲ.

ಇಂಥಲ್ಲಿ ವಿವಾದ ಪರಿಹಾರದ ನೀತಿ ನೆರವಾಗದೆ ಎಂದು ಕೆಲವರು ಕೇಳಿದ್ದುಂಟು. 2005ರಿಂದ ಡಾಟ್ ಇನ್‌ಗೆ ಅಂಥದೊಂದು ನೀತಿ ಇದೆ. ಮಧ್ಯಸ್ಥಗಾರನೊಬ್ಬ ವಿಚಾರಣೆ ನಡೆಸಿ ಹೆಸರನ್ನು ರದ್ದು ಮಾಡಬಹುದು, ದೂರುದಾರನಿಗೆ ವರ್ಗಾಯಿಸಬಹುದು. ಆದರೆ ದೂರುದಾರ ಆ ಹೆಸರಿನಲ್ಲಿ ತನಗೆ ಹಕ್ಕಿದೆಯೆಂದೂ ಎದುರಾಳಿಗೆ ನ್ಯಾಯವಾದ ಆಸಕ್ತಿಯಿಲ್ಲವೆಂದೂ ಆತನದು ದುರುದ್ದೇಶವೆಂದೂ ತೋರಿಸಬೇಕು, ಶುಲ್ಕ ಕಟ್ಟಬೇಕು. ದೊಡ್ಡ ಕಂಪನಿಗಳಿಗೆ ಹೇಳಿ ಮಾಡಿಸಿದ ದಾರಿಯದು. ಸಂಘವೆಂದು ನೋಂದಣಿಯೇ ಆಗದ ನಲವತ್ತು ಮಂದಿಯ ಬಳಗ ಯಾವ ಹಕ್ಕನ್ನು ತೋರಿಸೀತು?

ಸರ್ಕಾರದ ವಿಳಾಸಗಳಿಗೆ ಈ ಭಯವಿಲ್ಲ, ಅವು ಮಾರುಕಟ್ಟೆಯಲ್ಲಿಲ್ಲ. ಆದರೂ ಅಲ್ಲಿ ಬೇರೆ ಬಗೆಯ ನಷ್ಟವುಂಟು. ಕರ್ನಾಟಕ ಜ್ಞಾನ ಆಯೋಗದ ಕಾಲದಲ್ಲಿ ಆರಂಭವಾದ ‘ಕಣಜ’ ಮೊದಲಿಗೆ ತನ್ನದೇ ಡಾಟ್ ಇನ್ ಹೆಸರಿನಲ್ಲಿತ್ತು, ಈಗ ಕರ್ನಾಟಕ ಸರ್ಕಾರದ ವಿಳಾಸದೊಳಗಿದೆ. ಮನೆ ಭದ್ರವಾಯಿತು. ಹಳೆಯ ವಿಳಾಸವನ್ನು ನೆಚ್ಚಿ ಅಡಿಟಿಪ್ಪಣಿ ಬರೆದವರ ಪಾಡು ಬೇರೆ.

ಮೂಲ ಪುಸ್ತಕವೇ ಮನೆ ಬದಲಿಸಿದಾಗ ಮಾತ್ರ ನಮಗಾರಿಗೂ ತಿಳಿಯಲಿಲ್ಲ. 2005ರಿಂದ ನಿಕ್ಸಿಯ ಪರವಾಗಿ ಪುಸ್ತಕದ ಯಂತ್ರಗಳನ್ನು ನಡೆಸಿದ್ದು ಅಫಿಲಿಯಾಸ್. 2019ರಲ್ಲಿ ಆ ಕೆಲಸ ನ್ಯೂಸ್ಟಾರಿಗೆ ಹೋಯಿತು, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಹೆಸರುಗಳು ಒಟ್ಟಿಗೆ ಸ್ಥಳಾಂತರಗೊಂಡವು. 2020ರಲ್ಲಿ ನ್ಯೂಸ್ಟಾರಿನ ಆ ವಿಭಾಗವನ್ನು ಗೋಡ್ಯಾಡಿ ಕೊಂಡಿತು, 2025ರಲ್ಲಿ ಕೆಲಸ ಟುಕೋಸ್ ಎಂಬ ಕಂಪನಿಗೆ ಬಂತು. ಯಾವ ಸಂಘದ ಹೆಸರೂ ಇದರಿಂದ ಅಳಿಯಲಿಲ್ಲ. ಲಕ್ಷಾಂತರ ಹೆಸರುಗಳ ಪ್ರಭಾರ ಕೈಬದಲಾಗುವುದು ಸುಲಭ, ಒಂದು ಹೆಸರಿನದು ಕಷ್ಟ. ಮೊದಲನೆಯದಕ್ಕೆ ಒಪ್ಪಂದ, ಪರೀಕ್ಷೆ, ಗಡುವು ಎಲ್ಲವೂ ಇದ್ದವು.

ಇತ್ತೀಚೆಗೆ ಇದಕ್ಕೊಂದು ಹೊಸ ಅಧ್ಯಾಯ ಸೇರಿದೆ. ದೇಶದ ಸಂಕೇತವೇ ಈಗ ನಮ್ಮ ಲಿಪಿಗಳಲ್ಲಿ ದೊರೆಯುತ್ತದೆ. ಮೊದಲ ಕಂತಿನಲ್ಲಿ ಒಪ್ಪಿಗೆ ಪಡೆದ ಏಳರಲ್ಲಿ ತೆಲುಗಿನ ‘ಭಾರತ್’ ಇತ್ತು. ಕನ್ನಡದ ‘ಭಾರತ’ ಆಮೇಲಿನ ಕಂತಿನದು. ಆಂಧ್ರದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ಗ, ಜ, ದ, ನ, ರ, ಲ ಮುಂತಾದವು ಎರಡು ಲಿಪಿಗಳಲ್ಲೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಕನ್ನಡದ ಹೆಸರೊಂದನ್ನು ತೆಲುಗಿನ ಅಕ್ಷರಗಳಿಂದ ನಕಲು ಮಾಡಿ ಮೋಸ ಮಾಡುವುದು ಸಾಧ್ಯ. ಹಾಗಾಗಿ ನಮ್ಮ ದೇಶದ ಲಿಪಿತಜ್ಞರು ಕೂಡಿ ಸಿದ್ಧಪಡಿಸಿ, 2019ರಲ್ಲಿ ಐಕ್ಯಾನಿನ ಪಟ್ಟಿಗೆ ಸೇರಿದ ನಿಯಮಗಳಲ್ಲಿ ಅತ್ಯುನ್ನತ ಹಂತದ ಹೆಸರುಗಳ ಮಟ್ಟಿಗೆ ಇಂಥ ಜೋಡಿಗಳನ್ನು ಒಂದರ ರೂಪಾಂತರ ಇನ್ನೊಂದೆಂದು ಎಣಿಸಲಾಗಿದೆ. ವೆಂಗಿಯ ಕಾಲದಲ್ಲಿ ಒಂದೇ ಆಗಿದ್ದು ಆಮೇಲೆ ಬೇರೆಯಾದ ಲಿಪಿಗಳನ್ನು ಭದ್ರತೆಯ ಕಾರಣಕ್ಕೆ ಮತ್ತೆ ಜೊತೆಗೆ ಕೂರಿಸಬೇಕಾಯಿತು.

ವಿಶಾಖಪಟ್ಟಣದ ಆ ಬಳಗ ಈಗ ಆಂಧ್ರಪ್ರದೇಶದ 2001ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾಗಿದೆ. ಹೊಸ ಹೆಸರೊಂದನ್ನು ಸಂಘದ ಹೆಸರಿನಲ್ಲೇ, ಸಂಘದ ಮಿಂಚಂಚೆ ಕೊಟ್ಟು, ಮರುಮಾರಾಟಗಾರರ ಗೊಡವೆಯಿಲ್ಲದೆ ನೇರವಾಗಿ ರಿಜಿಸ್ಟ್ರಾರನಿಂದ ಐದು ವರ್ಷಕ್ಕೆ ಪಡೆದಿದ್ದಾರೆ. ಖಾತೆಗೆ ಇಬ್ಬರ ಪ್ರವೇಶವಿದೆ. ಒಬ್ಬರು ವರ್ಗಾವಣೆಯಿಲ್ಲದ ನೌಕರಿಯವರು, ಇನ್ನೊಬ್ಬರು ಊರಿನಲ್ಲೇ ಮನೆ ಕಟ್ಟಿಕೊಂಡವರು. ಕಾರ್ಯದರ್ಶಿ ಈ ಬೇಸಿಗೆಗೆ ವಿಜಯವಾಡಕ್ಕೆ ಹೊರಟಿದ್ದಾರೆ. ಅವರು ಬರೆದಿಟ್ಟ ಪ್ರಭಾರ ಪಟ್ಟಿಯಲ್ಲಿ ಪಾಸ್‌ಬುಕ್, ರಸೀದಿ ಪುಸ್ತಕ, ಮೊಹರು, ಕಪಾಟಿನ ಬೀಗದ ಕೈಗಳ ನಂತರ ಐದನೆಯ ಬಾಬ್ತಾಗಿ ಡೊಮೇನ್ ಹೆಸರು, ಅದರ ರಿಜಿಸ್ಟ್ರಾರ್, ಅವಧಿ ಮುಗಿಯುವ ದಿನಾಂಕ ಇವೆ. ಸಂಕೇತವನ್ನು ಅಲ್ಲಿ ಬರೆದಿಲ್ಲ. ಅದನ್ನು ಬೇಕಾದಾಗ ಮಾತ್ರ ಕೇಳಿ ಪಡೆಯತಕ್ಕದ್ದೆಂದು ಷರಾ ಇದೆ.